ಮಾಲು ನ್ಹಾವಾ ಶೇವಾದಲ್ಲಿ ನಿಂತಿದೆ: ದೋಷ ಎಲ್ಲಿ ಹುಟ್ಟಿತು ಎಂದು ಹುಡುಕುವ ಕ್ರಮ

"ಸಾಹೇಬ್ರ, ಮಾಲ ನಿಂತೈತ್ರಿ. ಯಾಕಂತ ಯಾರೂ ಹೇಳವಲ್ರು." ವಿಜಯಪುರ, ಬಾಗಲಕೋಟೆ ಕಡೆಯಿಂದ ವಾಶಿಯ ಏಜೆಂಟರಿಗೆ ಬರುವ ಫೋನು ಬಹುಪಾಲು ಹೀಗೇ ಶುರುವಾಗುತ್ತದೆ. ಬಂದರಿನಲ್ಲಿ "ನಿಂತಿದೆ" ಅನ್ನುವ ಮಾತಿಗೆ ಅರ್ಥ ಒಂದಲ್ಲ. ಯಾವ ಅರ್ಥದಲ್ಲಿ ನಿಂತಿದೆ ಎಂದು ತಿಳಿಯುವ ಮೊದಲೇ ಓಡಾಟಕ್ಕೆ ಇಳಿದರೆ ಶಿವಡಿಗೂ ಉರಣ್‌ಗೂ ಟ್ಯಾಕ್ಸಿ ಬಾಡಿಗೆ ಕೊಟ್ಟದ್ದಷ್ಟೇ ಲಾಭ.

ನ್ಹಾವಾ ಶೇವಾ ಸೇರಿ ಮುಂಬೈ ಬಂದರುಗಳು ಮತ್ತು ಸಹಾರ್ ವಿಮಾನ ನಿಲ್ದಾಣದ ಏರ್ ಕಾರ್ಗೋ ಮೂಲಕ ಹಣ್ಣು, ಕಾಳು, ಬೀಜ ಕಳಿಸುವವರಿಗೆ, ತರಿಸುವವರಿಗೆ, ಅವರ ಪ್ಯಾಕ್‌ಹೌಸ್ ನೋಡಿಕೊಳ್ಳುವವರಿಗೆ ಈ ಬರಹ. ಮೊದಲೇ ಹೇಳಬೇಕಾದ ಮಾತೊಂದಿದೆ. ದೋಷ ಕಾಣಿಸಿಕೊಳ್ಳುವುದು ಬಂದರಿನಲ್ಲಿ, ಹುಟ್ಟುವುದು ಬೇರೆಲ್ಲೋ: ತೋಟದ ಸ್ಪ್ರೇ ಡ್ರಮ್ಮಿನಲ್ಲಿ, ಪ್ಯಾಲೆಟ್ ಹೊಡೆಯುವ ಅಂಗಡಿಯಲ್ಲಿ, ಇನ್‌ವಾಯ್ಸ್ ಟೈಪ್ ಮಾಡುವ ಹುಡುಗನ ಹಳೆಯ ಫೈಲಿನಲ್ಲಿ. ಬಂದರಿನಿಂದ ಹಿಂದಕ್ಕೆ ನಡೆದು ಆ ಜಾಗ ಮುಟ್ಟದಿದ್ದರೆ ಮುಂದಿನ ಕಂಟೇನರೂ ಅಲ್ಲೇ ನಿಲ್ಲುತ್ತದೆ.

ಮೊದಲು ಮೇಜು ಯಾವುದು ನೋಡಿ

ಸರಕನ್ನು ತಡೆಯಬಲ್ಲ ಮೇಜುಗಳು ಐದು: ಕಸ್ಟಮ್ಸ್, ಸಸ್ಯದ ಮಾಲಿನ ಜೊತೆ ಕೀಟ, ರೋಗ ದಾಟದಂತೆ ನೋಡುವ ಪ್ಲಾಂಟ್ ಕ್ವಾರಂಟೈನ್, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ, ಹಡಗು ಕಂಪನಿ ಅಥವಾ ಟರ್ಮಿನಲ್, ಕೊನೆಗೆ ಆ ಕಡೆಯ ದೇಶದ ಗಡಿ. ಆಮದಿಗೆ 2016ರ ಏಪ್ರಿಲ್ 1ರಿಂದ ಏಕಗವಾಕ್ಷಿ ವ್ಯವಸ್ಥೆ ಇದೆ. ಆಮದಿನ ಘೋಷಣಾಪತ್ರವಾದ ಬಿಲ್ ಆಫ್ ಎಂಟ್ರಿ ಒಂದೇ ಸಲ ಸಲ್ಲಿಸಿದರೆ ಸಂಬಂಧಪಟ್ಟ ಇಲಾಖೆಗಳಿಗೆಲ್ಲ ಹೋಗುತ್ತದೆ. ಹಾಗಾಗಿ ಕಸ್ಟಮ್ಸ್ ಪೋರ್ಟಲ್ ಐಸ್‌ಗೇಟ್‌ನಲ್ಲಿ ಪ್ರತಿ ಇಲಾಖೆಯ ಸ್ಥಿತಿಯನ್ನು ಬೇರೆಬೇರೆಯಾಗಿ ನೋಡಬಹುದು. ಸಸ್ಯ ಸಂರಕ್ಷಣೆಯ ಅರ್ಜಿ ಎಲ್ಲಿದೆ ಎಂಬುದು ಪಿಕ್ಯೂಎಂಎಸ್ ಪೋರ್ಟಲ್‌ನಲ್ಲಿ ಕಾಣುತ್ತದೆ. ಮುಂಬೈಯ ಪ್ರಾದೇಶಿಕ ಕ್ವಾರಂಟೈನ್ ಕೇಂದ್ರ ಶಿವಡಿಯ ಹಾಜಿ ಬಂದರ್ ರಸ್ತೆಯಲ್ಲಿದೆ. ಆದರೆ ಪೋರ್ಟಲ್ ನೋಡದೆ ಅಲ್ಲಿಗೆ ಹೋಗಿ ನಿಲ್ಲುವುದು ವ್ಯರ್ಥ.

"ಕ್ವಾರಂಟೈನಿನವರು ಬಿಡುತ್ತಿಲ್ಲ" ಎಂಬ ಬಾಯಿಮಾತನ್ನು ಒಪ್ಪಬೇಡಿ. ತಡೆ ಆದೇಶದ ಪ್ರತಿ ಅಥವಾ ಪೋರ್ಟಲ್‌ನಲ್ಲಿ ಬರೆದ ಆಕ್ಷೇಪಣೆಯನ್ನು ಅಕ್ಷರಶಃ ಓದಿ. ಓದಿದ ಮೇಲೆ ದೋಷವನ್ನು ಮೂರು ಜಾತಿಗಳಲ್ಲಿ ಒಂದಕ್ಕೆ ಹಾಕಿ: ಕಾಗದದ ದೋಷ, ಜೀವದ ದೋಷ (ಹುಳು, ಕಳೆಬೀಜ, ಮಣ್ಣು), ರಾಸಾಯನಿಕ ಉಳಿಕೆಯ ದೋಷ. ಇದನ್ನು ಮೊದಲೇ ಮಾಡಬೇಕು, ಏಕೆಂದರೆ ಮೂರರ ಗತಿಯೂ ಬೇರೆ. ಕಾಗದದ್ದನ್ನು ಹೆಚ್ಚಾಗಿ ಸರಿಪಡಿಸಬಹುದು. ಜೀವದ ದೋಷಕ್ಕೆ ಕೆಲವೊಮ್ಮೆ ಉಪಚಾರ ಇದೆ. ಉಳಿಕೆಗೆ ಮದ್ದಿಲ್ಲ. ಮಾಲು ಬೇರೆ ಮಾರುಕಟ್ಟೆಗೆ ಹೋಗಬೇಕು, ಇಲ್ಲವೇ ನಾಶವಾಗಬೇಕು. ಮೂರನೆಯದೆಂದು ಗೊತ್ತಾದ ಮೇಲೂ ವಾರಗಟ್ಟಲೆ ಮನವಿಪತ್ರ ಬರೆಯುತ್ತ ಕೂತರೆ ಹಣ್ಣೂ ಹೋಗುತ್ತದೆ, ಬಾಡಿಗೆಯೂ ಏರುತ್ತದೆ.

ಫೈಟೊ ಓದುವುದು

ಮಾಲಿನಲ್ಲಿ ಕೀಟ, ರೋಗ ಇಲ್ಲವೆಂದು ರಫ್ತು ದೇಶದ ಸಸ್ಯ ಸಂರಕ್ಷಣಾ ಅಧಿಕಾರಿ ಕೊಡುವ ಫೈಟೊಸ್ಯಾನಿಟರಿ ಸರ್ಟಿಫಿಕೇಟಿನ (ಫೈಟೊದ) ಮೇಲೆ ಸುಮ್ಮನೆ ಕಣ್ಣಾಡಿಸಿದರೆ ತಪ್ಪು ಸಿಗದು. ಬಲಗಡೆ ಇನ್‌ವಾಯ್ಸ್, ಎಡಗಡೆ ಪ್ಯಾಕಿಂಗ್ ಲಿಸ್ಟ್, ನಡುವೆ ಫೈಟೊ ಇಟ್ಟುಕೊಂಡು ಸಾಲಿಗೆ ಸಾಲು ಬೆರಳಿಟ್ಟು ಓದಿ. ಎರಡನೆಯವರೊಬ್ಬರು ಜೋರಾಗಿ ಓದಿದರೆ ಇನ್ನೂ ಒಳ್ಳೆಯದು. ಟೈಪ್ ಮಾಡಿದವನ ಕಣ್ಣಿಗೆ ತನ್ನ ತಪ್ಪು ಕಾಣುವುದಿಲ್ಲ.

ಮೊದಲು ಸಸ್ಯಶಾಸ್ತ್ರೀಯ ಹೆಸರು. ದ್ರಾಕ್ಷಿಗೆ ವೈಟಿಸ್ ವಿನಿಫೆರಾ, ಮಾವಿಗೆ ಮ್ಯಾಂಜಿಫೆರಾ ಇಂಡಿಕಾ: ಇಲ್ಲಿ ಗೊಂದಲವಿಲ್ಲ. ಮೆಣಸಿನಕಾಯಿಗೆ ಕ್ಯಾಪ್ಸಿಕಂ ಆನ್ಯುಅಮ್ ಎಂದು ಒಂದು ಕಡೆ, ಫ್ರುಟೆಸೆನ್ಸ್ ಎಂದು ಇನ್ನೊಂದು ಕಡೆ ಇದ್ದರೆ ಗಡಿಯಲ್ಲಿ ಅದು ಎರಡು ಬೇರೆ ಮಾಲು. ಆಮೇಲೆ ಪೆಟ್ಟಿಗೆಗಳ ಸಂಖ್ಯೆ, ತೂಕ. 5 ಕಿಲೋದ 2,600 ಪೆಟ್ಟಿಗೆ ಅಂದರೆ 13,000 ಕಿಲೋ. ಲೋಡಿಂಗ್ ಹೊತ್ತಿಗೆ 40 ಪೆಟ್ಟಿಗೆ ತೆಗೆದು ಹೊರಗಿಟ್ಟರೆ ಪ್ಯಾಕಿಂಗ್ ಲಿಸ್ಟ್ ತಿದ್ದಲಾಗುತ್ತದೆ, ಫೈಟೊ ತಿದ್ದಲಾಗುವುದಿಲ್ಲ. ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ.

ಯುರೋಪಿಗೆ ಹೋಗುವ ಮಾಲಿನಲ್ಲಿ ತಾರೀಕು ನೋಡಿ. ಫೈಟೊ ಕೊಟ್ಟ ದಿನದಿಂದ 14 ದಿನಗಳೊಳಗೆ ಸರಕು ದೇಶ ಬಿಟ್ಟಿರಬೇಕು. ಹಡಗು ತುಂಬಿ ನಿಮ್ಮ ಕಂಟೇನರ್ ಮುಂದಿನ ಹಡಗಿಗೆ ರೋಲ್‌ಓವರ್ ಆದರೆ, 1ನೇ ತಾರೀಕಿನ ಫೈಟೊ ಹಿಡಿದು 17ನೇ ತಾರೀಕಿಗೆ ಹೊರಟ ಮಾಲು ಆ ಕಡೆ ಇಳಿಯುವ ಮೊದಲೇ ಸೋತಿರುತ್ತದೆ. ಹಡಗು ಕಂಪನಿಯಿಂದ ರೋಲ್‌ಓವರ್ ಸಂದೇಶ ಬಂದ ತಕ್ಷಣ ಫೈಟೊ ತಾರೀಕು ನೋಡುವುದು ಒಬ್ಬರ ಹೆಸರಿನಲ್ಲಿರುವ ಕೆಲಸವಾಗಬೇಕು. ಎಲ್ಲರ ಕೆಲಸವಾದರೆ ಯಾರೂ ಮಾಡುವುದಿಲ್ಲ. "ಸಣ್ಣ ಲಾಟಿಗೆ ಫೈಟೊ ಬೇಡ" ಎಂಬ ಹಳೆಯ ನಂಬಿಕೆಯೂ ಇನ್ನು ನಡೆಯದು. 2019ರ ಡಿಸೆಂಬರ್ 14ರಿಂದ ಯುರೋಪಿನ ಒಕ್ಕೂಟಕ್ಕೆ ಅನಾನಸು, ಬಾಳೆ, ತೆಂಗು, ಡುರಿಯನ್, ಖರ್ಜೂರ ಬಿಟ್ಟು ಹೆಚ್ಚುಕಡಿಮೆ ಎಲ್ಲ ತಾಜಾ ಹಣ್ಣಿಗೂ ಫೈಟೊ ಬೇಕು.

ಅತಿ ಹೆಚ್ಚು ಕಾಡುವುದು ಹೆಚ್ಚುವರಿ ಘೋಷಣೆಯ ಕಾಲಂ. ಆಮದು ದೇಶದ ನಿಯಮದಲ್ಲಿ ಯಾವ ಪದಗಳಿವೆಯೋ ಅವೇ ಪದಗಳು ಬೇಕು. "ಕೀಟಮುಕ್ತವಾಗಿದೆ" ಎಂದು ನಮ್ಮ ಮಾತಿನಲ್ಲಿ ಹೇಳಿದರೆ ಸಾಲದು. ಹಣ್ಣು ನೊಣದ ಬಗ್ಗೆ ಯುರೋಪಿನ ನಿಯಮ ಹಲವು ಆಯ್ಕೆಗಳನ್ನು ಕೊಡುತ್ತದೆ: ದೇಶವೇ ಮುಕ್ತ, ಪ್ರದೇಶ ಮುಕ್ತ, ತೋಟ ಮುಕ್ತ, ಅಥವಾ ಉಪಚಾರ ಆಗಿದೆ. ನಿಮ್ಮ ಮಾಲು ಯಾವ ಆಯ್ಕೆಯಲ್ಲಿ ಬರುತ್ತದೆ ಎಂಬುದು ಫೈಟೊದಲ್ಲೇ ಕಾಣಬೇಕು. ಉಪಚಾರದ ಕಾಲಂ ಖಾಲಿ ಬಿಟ್ಟು ಫ್ಯೂಮಿಗೇಶನ್ (ವಿಷಾನಿಲದ ಉಪಚಾರ) ಸರ್ಟಿಫಿಕೇಟನ್ನು ಬೇರೆಯಾಗಿ ಲಗತ್ತಿಸುವುದು ನಮ್ಮಲ್ಲಿ ರೂಢಿ. ಆ ಕಡೆಯ ಇನ್‌ಸ್ಪೆಕ್ಟರ್ ಓದುವುದು ಕಾಲಂ, ಲಗತ್ತನ್ನಲ್ಲ. ರಾಸಾಯನಿಕ, ಪ್ರಮಾಣ, ಅವಧಿ, ಉಷ್ಣಾಂಶ, ತಾರೀಕು ಐದೂ ಅಲ್ಲಿರಬೇಕು.

ತಪ್ಪು ಸಿಕ್ಕಿತು ಅಂತ ಪೆನ್ನು, ವೈಟ್ನರ್ ತೆಗೆಯಬೇಡಿ. ಅಧಿಕಾರಿಯ ದೃಢೀಕರಣವಿಲ್ಲದ ಒಂದು ತಿದ್ದುಪಡಿಯಿಂದ ಇಡೀ ಕಾಗದ ಅಮಾನ್ಯ. ಮೂಲಪ್ರತಿ ಹಿಂದಿರುಗಿಸಿ ಬದಲಿ ಫೈಟೊ ಕೇಳಬೇಕು. ಹಡಗು ಹೊರಟಿದ್ದರೂ ಬಿಡುಗಡೆ ಮಾಡಿದ ಅಧಿಕಾರಿಯ ಮೂಲಕವೇ ಹೋಗಬೇಕು. ಆಮದುದಾರನಿಗೆ ತಿದ್ದಿದ ಸ್ಕ್ಯಾನ್ ಕಳಿಸುವುದು ದೋಷ ನಿವಾರಣೆಯಲ್ಲ, ಫೋರ್ಜರಿ.

ಪ್ಯಾಲೆಟ್

ಹಣ್ಣು ಶುದ್ಧ, ಪೆಟ್ಟಿಗೆ ಶುದ್ಧ, ಅಡಿಯ ಕಟ್ಟಿಗೆಯಿಂದ ಇಡೀ ಕಂಟೇನರ್ ವಾಪಸ್. ಮರದ ಪ್ಯಾಕಿಂಗಿಗೆ ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಬಿಸಿ ಉಪಚಾರವಾದರೆ ಕಟ್ಟಿಗೆಯ ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್ ಸತತ 30 ನಿಮಿಷ. ಮೀಥೈಲ್ ಬ್ರೋಮೈಡ್ ಅನಿಲವಾದರೆ 21 ಡಿಗ್ರಿ ಅಥವಾ ಅದಕ್ಕಿಂತ ಮೇಲಿನ ಉಷ್ಣಾಂಶದಲ್ಲಿ ಘನ ಮೀಟರಿಗೆ 48 ಗ್ರಾಂ, 24 ಗಂಟೆ. ಆ 24 ಗಂಟೆಯ ಕೊನೆಗೂ ಒಳಗೆ 24 ಗ್ರಾಂ ಉಳಿದಿರಬೇಕು. 20 ಸೆಂಟಿಮೀಟರಿಗಿಂತ ದಪ್ಪದ ತುಂಡಿಗೆ ಈ ಅನಿಲ ನಡೆಯುವುದಿಲ್ಲ, ಒಳಗೆ ಇಳಿಯದು.

ಪರೀಕ್ಷೆಗೆ ಟಾರ್ಚ್ ಹಿಡಿದು ಮೊಣಕಾಲೂರಿ ಕೂರಬೇಕು. ಪ್ಯಾಲೆಟ್‌ನ ಬದಿಯ ಕಟ್ಟೆಯ ಮೇಲೆ ಚೌಕಟ್ಟಿನೊಳಗೆ ತೆನೆಯ ಆಕಾರದ ಐಪಿಪಿಸಿ (ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದ) ಚಿಹ್ನೆ, ನಿಲುಗೆರೆ, ಆಚೆಗೆ ರೋಮನ್ ಅಕ್ಷರದಲ್ಲಿ ದೇಶದ ಸಂಕೇತ ಐಎನ್, ತಯಾರಕರ ಸಂಖ್ಯೆ, ಉಪಚಾರದ ಸಂಕೇತ ಎಚ್‌ಟಿ (ಬಿಸಿ) ಅಥವಾ ಎಂಬಿ (ಮೀಥೈಲ್ ಬ್ರೋಮೈಡ್). ಕನಿಷ್ಠ ಎರಡು ಎದುರುಬದುರು ಬದಿಗಳಲ್ಲಿ ಇದ್ದರೆ ಸಮಾಧಾನ. ಕೈಯಿಂದ ಬರೆದದ್ದು ನಡೆಯದು. ಕೆಂಪು, ಕಿತ್ತಳೆ ಬಣ್ಣ ಬೇಡ, ಅದು ಅಪಾಯಕಾರಿ ಸರಕಿನ ಗುರುತಿನ ಬಣ್ಣ.

ಆಮೇಲೆ ಪ್ಯಾಲೆಟ್ಟಿನ ಒಂದು ಮೂಲೆ ಎತ್ತಿ, ಕೆಳಗೆ ಹಳೆಯ ಪತ್ರಿಕೆ ಹಾಸಿ, ನೆಲಕ್ಕೆ ಕುಟ್ಟಿ. ಜೋಳದ ಹಿಟ್ಟಿನಂಥ ನುಣ್ಣನೆ ಹುಡಿ ಬಿತ್ತೇ? ಮಸುಕಾದ, ಧೂಳು ಹಿಡಿದ ಹುಡಿ ಹಳೆಯದು. ತಿಳಿ ಬಣ್ಣದ ಹೊಸ ಹುಡಿ ಬಿದ್ದು, ಪಕ್ಕದಲ್ಲಿ ಗುಂಡುಪಿನ್ನಿನ ತಲೆಯಷ್ಟು ದುಂಡು ರಂಧ್ರ ಕಂಡರೆ ಕೊರಕ ಇನ್ನೂ ಒಳಗಿದೆ. ಮುದ್ರೆ ಇದ್ದ ಮಾತ್ರಕ್ಕೆ ಪಾರಾಗುವುದಿಲ್ಲ. ಬಿಸಿ ಉಪಚಾರ ಅಂದಿನ ಹುಳುವನ್ನು ಕೊಲ್ಲುತ್ತದೆ, ನಾಳೆ ಬರುವುದಕ್ಕೆ ಕಾವಲು ಕೂರುವುದಿಲ್ಲ. ಹೊಸ ಪ್ಯಾಲೆಟ್‌ಗಳನ್ನು ಹಳೆಯ ಕಟ್ಟಿಗೆ ರಾಶಿಯ ಪಕ್ಕ ಮಳೆಗಾಲ ಪೂರ್ತಿ ಇಟ್ಟರೆ ಹೀಗಾಗುತ್ತದೆ.

ತೊಗಟೆಗೂ ಲೆಕ್ಕ ಇದೆ. 3 ಸೆಂಟಿಮೀಟರಿಗಿಂತ ಕಡಿಮೆ ಅಗಲದ ತುಂಡಾದರೆ ಉದ್ದ ಎಷ್ಟಿದ್ದರೂ ಪರವಾಗಿಲ್ಲ. ಅಗಲ ಹೆಚ್ಚಿದ್ದರೆ ಆ ಒಂದೊಂದು ತುಂಡಿನ ವಿಸ್ತೀರ್ಣ 50 ಚದರ ಸೆಂಟಿಮೀಟರಿಗಿಂತ ಕಡಿಮೆ ಇರಬೇಕು. ಅಂದಾಜಿಗೆ ಒಂದು ಎಟಿಎಂ ಕಾರ್ಡು. ಪ್ಲೈವುಡ್, 6 ಮಿಲಿಮೀಟರಿಗಿಂತ ತೆಳು ಹಲಗೆಗೆ ಈ ನಿಯಮ ಇಲ್ಲ.

ನಿಜವಾದ ಖಳನಾಯಕ ದುರಸ್ತಿ ಪ್ಯಾಲೆಟ್. ಮೂರನೇ ಒಂದು ಭಾಗದವರೆಗೆ ಹಲಗೆ ಬದಲಿಸಿದರೆ ಅದು ದುರಸ್ತಿ, ಹಾಕಿದ ಹಲಗೆಯೂ ಉಪಚಾರವಾಗಿ ಗುರುತು ಹೊತ್ತಿರಬೇಕು. ಅದಕ್ಕಿಂತ ಹೆಚ್ಚಾದರೆ ಮರುನಿರ್ಮಾಣ, ಹಳೆಯ ಮುದ್ರೆ ಅಳಿಸಿ ಪೂರ್ತಿ ಹೊಸ ಉಪಚಾರ, ಹೊಸ ಮುದ್ರೆ. ನವಿ ಮುಂಬೈಯ ಗೋದಾಮುಗಳ ಹಿಂದೆ ಅಗ್ಗಕ್ಕೆ ಸಿಗುವ ಪ್ಯಾಲೆಟ್‌ಗಳಲ್ಲಿ ಮುದ್ರೆಯ ಕಟ್ಟೆ ಒಂದು ದೇಶದ್ದು, ಮೇಲಿನ ಹಲಗೆ ಮಾವಿನ ಹಸಿ ಮರದ್ದು. ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಕಂಟೇನರ್ ಕಳೆದುಕೊಳ್ಳುವುದು ಹೀಗೆ.

ಫ್ಯೂಮಿಗೇಶನ್ ಆಗಿದೆ, ಹುಳು ಜೀವಂತ

ಸರ್ಟಿಫಿಕೇಟ್ ಕೈಯಲ್ಲಿದೆ, ಹುಳು ಓಡಾಡುತ್ತಿದೆ. ಕಾರಣ ಹೆಚ್ಚಾಗಿ ಲೆಕ್ಕದ್ದು. 20 ಅಡಿ ಕಂಟೇನರಿನ ಘನ ಅಳತೆ ಸುಮಾರು 33 ಘನ ಮೀಟರ್, 40 ಅಡಿಯದ್ದು 67, ಎತ್ತರ ಹೆಚ್ಚಿರುವ 40 ಅಡಿ ಹೈಕ್ಯೂಬ್‌ನದ್ದು 76. ಘನ ಮೀಟರಿಗೆ 48 ಗ್ರಾಂ ಎಂದರೆ ಸಾಮಾನ್ಯ 40 ಅಡಿಗೆ 3,216 ಗ್ರಾಂ, ಹೈಕ್ಯೂಬ್‌ಗೆ 3,648 ಗ್ರಾಂ. "ನಲವತ್ತಡಿ" ಎಂದು ಫೋನಿನಲ್ಲಿ ಹೇಳಿದ್ದರಿಂದ 432 ಗ್ರಾಂ ಕಡಿಮೆ ಬಿದ್ದಿರುತ್ತದೆ. ಸರ್ಟಿಫಿಕೇಟಿನಲ್ಲಿರುವ ಒಟ್ಟು ಗ್ರಾಂ ಅನ್ನು ಕಂಟೇನರಿನ ನಿಜವಾದ ಅಳತೆಯಿಂದ ಭಾಗಿಸಿ ನೋಡಿ. ಎರಡು ನಿಮಿಷದ ಕೆಲಸ.

ಲೆಕ್ಕ ಸರಿ ಇದ್ದರೆ ಅನಿಲ ತಲುಪಿತೇ ನೋಡಬೇಕು. ಸ್ಟ್ರೆಚ್ ಫಿಲ್ಮ್ ಸುತ್ತಿದ ಪ್ಯಾಲೆಟ್, ಪ್ಲಾಸ್ಟಿಕ್ ಲೈನರ್ ಹಾಕಿದ ಚೀಲ, ಛಾವಣಿ ಮುಟ್ಟುವಂತೆ ತುಂಬಿದ ಮಾಲು, ಮೂರೂ ಅನಿಲಕ್ಕೆ ಗೋಡೆ. ಮೇಲೆ ಸುಮಾರು 200 ಮಿಲಿಮೀಟರ್, ಅಂದರೆ ಒಂದು ಗೇಣಿಗೆ ತುಸು ಕಡಿಮೆ ಜಾಗ ಬಿಡಿ, ಫಿಲ್ಮ್ ಸೀಳಿ ಅಥವಾ ಉಪಚಾರದ ನಂತರ ಸುತ್ತಿ. ಪ್ರಮಾಣವನ್ನು ಗಾಳಿಯ ಉಷ್ಣಾಂಶಕ್ಕಲ್ಲ, ಮಾಲಿನ ಉಷ್ಣಾಂಶಕ್ಕೆ ನಿರ್ಧರಿಸಬೇಕು. ಹೊರಗೆ ಮುಂಬೈಯ 32 ಡಿಗ್ರಿ ಇದ್ದರೂ ಕೋಲ್ಡ್ ಸ್ಟೋರೇಜಿನಿಂದ ಆಗಷ್ಟೇ ತೆಗೆದ ಮಾಲಿನ ಒಳಗೆ 12 ಇರುತ್ತದೆ.

ಅಲ್ಯೂಮಿನಿಯಂ ಫಾಸ್ಫೈಡ್‌ನ ಕತೆ ಇನ್ನೊಂದು. 3 ಗ್ರಾಂನ ಒಂದು ಮಾತ್ರೆ 1 ಗ್ರಾಂ ಫಾಸ್ಫೀನ್ ಅನಿಲ ಬಿಡುತ್ತದೆ, ಆದರೆ ನಿಧಾನವಾಗಿ, ಗಾಳಿಯ ತೇವ ಹೀರಿಕೊಂಡು. ಮೊಟ್ಟೆ ಮತ್ತು ಕೋಶದ ಹಂತಗಳು ಈ ಅನಿಲವನ್ನು ತಡೆದುಕೊಳ್ಳುವುದರಲ್ಲಿ ಗಟ್ಟಿ. ಹಡಗು ತಪ್ಪೀತೆಂದು ಅವಧಿ ಅರ್ಧಕ್ಕೆ ಇಳಿಸಿದರೆ ಓಡಾಡುವ ದುಂಬಿ ಸಾಯುತ್ತದೆ, ಮೊಟ್ಟೆ ಉಳಿಯುತ್ತದೆ. ಕಾಳಿನ ದುಂಬಿ ನಮ್ಮ ಬಿಸಿಲಿನ ಉಷ್ಣಾಂಶದಲ್ಲಿ ಮೂರ್ನಾಲ್ಕು ವಾರಕ್ಕೆ ಮೊಟ್ಟೆಯಿಂದ ದುಂಬಿಯಾಗುತ್ತದೆ. ಹಡಗಿನ ಪ್ರಯಾಣವೂ ಹೆಚ್ಚುಕಡಿಮೆ ಅಷ್ಟೇ. ಹೊರಡುವಾಗ ಶುದ್ಧವಿದ್ದ ಮಾಲು ಇಳಿಯುವಾಗ ಹುಳುಮಯವಾಗುವ ಗುಟ್ಟು ಇದು. ಎರಡೂ ಕಡೆಯ ಇನ್‌ಸ್ಪೆಕ್ಟರುಗಳು ನಿಜವನ್ನೇ ಬರೆದಿರುತ್ತಾರೆ. ಈ ಎರಡೂ ಅನಿಲ ಮನುಷ್ಯರನ್ನು ಕೊಲ್ಲುತ್ತವೆ. ಅನುಮತಿ ಪಡೆದ ಸಂಸ್ಥೆಯನ್ನು ಬಿಟ್ಟು ಇನ್ನಾರಿಂದಲೂ ಮಾಡಿಸಬೇಡಿ, ಗಾಳಿಯಾಡಿಸಿ ಅಳೆಯುವ ಮೊದಲು ಬಾಗಿಲೊಳಗೆ ತಲೆ ಹಾಕಬೇಡಿ.

ಮಾಲಲ್ಲ, ಕಂಟೇನರೇ ರೋಗಿ

ಅಕ್ಕಿ, ಮಸಾಲೆ, ಕೆಲವೊಮ್ಮೆ ಸಂಬಂಧವೇ ಇಲ್ಲದ ಪಾತ್ರೆಪಗಡಿಯ ಕಂಟೇನರಿನಲ್ಲೂ ದಾಸ್ತಾನು ಕಾಳು ತಿನ್ನುವ ಖಾಪ್ರಾ ದುಂಬಿ ಸಿಕ್ಕಿತೆಂದು ಅಮೆರಿಕ, ಆಸ್ಟ್ರೇಲಿಯಾ ತಡೆಯುತ್ತವೆ. ಹಿಂದಿನ ಸರಕಿನ ಕಾಳು ನೆಲದ ಹಲಗೆಗಳ ಸಂದಿಯಲ್ಲಿ ಉಳಿದಿರುತ್ತದೆ. ಖಾಪ್ರಾ ಮರಿ ಆಹಾರವಿಲ್ಲದೆ ವರ್ಷಗಟ್ಟಲೆ ಸುಪ್ತವಾಗಿ ಕೂರಬಲ್ಲದು. ಖಾಲಿ ಕಂಟೇನರ್ ಬಂದಾಗ ಒಳಹೊಕ್ಕು ಬಾಗಿಲು ಮುಚ್ಚಿಸಿ, ಟಾರ್ಚನ್ನು ನೆಲಕ್ಕೆ ಓರೆಯಾಗಿ ಹಿಡಿಯಿರಿ. ಮೂಲೆ, ಬಾಗಿಲಿನ ರಬ್ಬರ್ ಮಡಿಕೆ, ಹಲಗೆಯ ಸಂದಿಗಳನ್ನು ಗಟ್ಟಿ ಬ್ರಷ್‌ನಿಂದ ಬಿಳಿ ಕಾಗದದ ಮೇಲೆ ಕೆರೆಯಿರಿ. ಹುಡುಕುವುದು ದುಂಬಿಯನ್ನಲ್ಲ, ಮರಿ ಕಳಚಿದ ಪೊರೆಯನ್ನು: ಎಳ್ಳಿನಷ್ಟು ಉದ್ದ, ಕಂದು ಬಣ್ಣ, ಮೈತುಂಬ ಬ್ರಷ್ಷಿನಂಥ ಕೂದಲು, ಉಫ್ ಎಂದರೆ ಹಾರಿಹೋಗುವಷ್ಟು ಹಗುರ. ಅಂಥ ಐದಾರು ಸಿಕ್ಕರೆ ಕಂಟೇನರನ್ನು ಡಿಪೋಗೆ ಹಿಂದಿರುಗಿಸಿ ಬೇರೆ ಕೇಳಿ. ಗುಡಿಸಿ ತುಂಬಿಸುವ ಆಲೋಚನೆ ಬೇಡ.

ಮಾವು: ಯಾವ ದೇಶಕ್ಕೆ ಯಾವ ಉಪಚಾರ

ಯುರೋಪಿಗೆ ಬಿಸಿನೀರು, 48 ಡಿಗ್ರಿಯಲ್ಲಿ 60 ನಿಮಿಷ. ಜಪಾನಿಗೆ ಬಿಸಿ ಆವಿ, ತಿರುಳು 47.5 ಡಿಗ್ರಿಗೆ ಬಂದ ಮೇಲೆ 20 ನಿಮಿಷ. ಅಮೆರಿಕಕ್ಕೆ ವಿಕಿರಣ, ಕನಿಷ್ಠ 400 ಗ್ರೇ (ವಿಕಿರಣದ ಪ್ರಮಾಣದ ಅಳತೆ). ವಾಶಿಯಲ್ಲಿರುವ ಮಹಾರಾಷ್ಟ್ರ ಕೃಷಿ ಮಾರುಕಟ್ಟೆ ಮಂಡಳಿಯ ಕೇಂದ್ರದಲ್ಲಿ ಇಂಥ ಸೌಲಭ್ಯಗಳಿವೆ, ವಿಕಿರಣಕ್ಕೆ ಲಾಸಲಗಾಂವ್ ಕೂಡ. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ದುಬೈಗೆಂದು ಕಟ್ಟಿದ ಪೆಟ್ಟಿಗೆಯನ್ನು ಕೊನೆ ಗಳಿಗೆಯಲ್ಲಿ ಲಂಡನ್ನಿಗೆ ತಿರುಗಿಸುವ ಆಸೆಗೆ ಬೀಳಬೇಡಿ.

2014ರ ಮೇ 1ರಿಂದ ಯುರೋಪಿನ ಒಕ್ಕೂಟ ಭಾರತದ ಮಾವನ್ನೂ ಬದನೆ, ಹಾಗಲ, ಪಡವಲ, ಕೆಸುವನ್ನೂ ನಿಲ್ಲಿಸಿತು. ಕಾರಣ ಹಣ್ಣು ನೊಣ ಮತ್ತಿತರ ಕೀಟ. ಮಾವಿನ ಮೇಲಿನ ತಡೆ 2015ರಲ್ಲಿ ತೆರವಾಯಿತು. ಅಂದಿನಿಂದ ಬಿಸಿನೀರಿನ ದಾಖಲೆಗೆ ಬೆಲೆ ಹೆಚ್ಚು. ಇದರಲ್ಲಿ ತಪ್ಪುವುದು ಹೀಗೆ: ತಣ್ಣಗಿನ ಹಣ್ಣಿನ ಬುಟ್ಟಿ ಇಳಿಸಿದ ಕೂಡಲೇ ನೀರು ಎರಡು ಮೂರು ಡಿಗ್ರಿ ಇಳಿಯುತ್ತದೆ. ನೀರು ಮತ್ತೆ 48ಕ್ಕೆ ಏರಿದ ಮೇಲೆ ಗಡಿಯಾರ ಶುರುವಾಗಬೇಕು, ಬುಟ್ಟಿ ಇಳಿಸಿದ ಗಳಿಗೆಯಿಂದಲ್ಲ. ಥರ್ಮಾಮೀಟರ್ ಹೀಟರಿನ ಪಕ್ಕದಲ್ಲಿದ್ದರೆ ಅದು ತೋರಿಸುವುದು ಹೀಟರಿನ ಬಿಸಿ. ಬುಟ್ಟಿಯ ನಡುವೆ ಒಂದು ಪ್ರೋಬ್ ಇಡಿ.

ಸಂಶಯದ ಹಣ್ಣು ಗುರುತಿಸಲು ತೊಟ್ಟಿನ ಸುತ್ತ, ಹೆಗಲ ಮೇಲೆ ಬೆಳಕು ಓರೆಯಾಗಿ ಬೀಳುವಂತೆ ತಿರುಗಿಸಿ ನೋಡಿ. ಸೂಜಿ ಚುಚ್ಚಿದಂಥ ಕಲೆ, ಸುತ್ತ ಕಪ್ಪಾದ ಉಂಗುರ, ಕೆಲವೊಮ್ಮೆ ಒಣಗಿದ ಸೊನೆಯ ಹನಿ. ಅಲ್ಲಿಗೇ ಚಾಕು ಹಾಕಿ. ಬಲಿತ ಮರಿ ಬಿಲ್ಲಿನಂತೆ ಬಾಗಿ ಜಿಗಿದರೆ ಹಣ್ಣು ನೊಣ, ಅನುಮಾನವಿಲ್ಲ. ಓಟೆ ಕೊರಕ ಹೀಗೆ ಸಿಗುವುದಿಲ್ಲ, ಹೊರಗೆ ಗುರುತೇ ಇರದು. ಓಟೆ ಒಡೆಯಬೇಕು.

ವಿಕಿರಣದ ಮಾವಿನಲ್ಲಿ ಒಂದು ವಿಚಿತ್ರ ಇದೆ: ಜೀವಂತ ಮರಿ ಸಿಕ್ಕರೂ ಅದು ಉಪಚಾರದ ಸೋಲಲ್ಲ. 400 ಗ್ರೇ ಕೀಟವನ್ನು ಕೂಡಲೇ ಕೊಲ್ಲುವುದಕ್ಕಲ್ಲ, ಸಂತಾನ ಬೆಳೆಯದಂತೆ ಮಾಡುವುದಕ್ಕೆ. ಕಣ್ಣಿಂದ ಪರೀಕ್ಷಿಸಲಾಗದ ಕಾರಣ ಅಲ್ಲಿ ಕಾಗದವೇ ಎಲ್ಲ. 2025ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ವಿಕಿರಣವಾದ 15 ಮಾವಿನ ಸರಕುಗಳನ್ನು ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ತಿರಸ್ಕರಿಸಿದ್ದು ಹುಳುವಿಗಲ್ಲ, ಉಪಚಾರ ಆಗಿದೆ ಎಂದು ತೋರಿಸುವ ಪಿಪಿಕ್ಯೂ 203 ಎಂಬ ನಮೂನೆ ಸರಿಯಾಗಿಲ್ಲ ಎಂಬುದಕ್ಕೆ. ವಾಪಸ್ ತರುವ ಖರ್ಚಿಗಿಂತ ಅಗ್ಗವೆಂದು ಹಣ್ಣನ್ನು ಅಲ್ಲೇ ನಾಶ ಮಾಡಿಸಿದರು. ಗಾಡಿ ಕೇಂದ್ರ ಬಿಡುವ ಮೊದಲು ಆ ನಮೂನೆಯಲ್ಲಿ ಲಾಟ್ ಸಂಖ್ಯೆ, ಪೆಟ್ಟಿಗೆ ಸಂಖ್ಯೆ, ತಾರೀಕು, ಸಹಿ ನೋಡದವರು ಮಾವಿನ ವ್ಯಾಪಾರ ಮಾಡಬಾರದು.

ದ್ರಾಕ್ಷಿ: ಲ್ಯಾಬ್ ರಿಪೋರ್ಟ್ ಶುದ್ಧ, ಮಾಲು ಫೇಲ್

ಯುರೋಪಿನಲ್ಲಿ ಪ್ರತ್ಯೇಕ ಮಿತಿ ಇಲ್ಲದ ಔಷಧಿಗೆ ಸಾಮಾನ್ಯ ಮಿತಿ ಕಿಲೋಗೆ 0.01 ಮಿಲಿಗ್ರಾಂ. 13 ಟನ್ ದ್ರಾಕ್ಷಿಗೆ ಲೆಕ್ಕ ಹಾಕಿದರೆ ಒಟ್ಟು 130 ಮಿಲಿಗ್ರಾಂ, ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ. ಪಕ್ಕದ ಹೊಲದಲ್ಲಿ ಹೊಡೆದದ್ದು ಗಾಳಿಗೆ ತೂರಿ ಬಂದರೂ, ತೊಳೆಯದ ಡ್ರಮ್ಮಿನಲ್ಲಿ ಹಳೆಯದು ಉಳಿದಿದ್ದರೂ ಸಾಕು. ಕ್ಲೋರ್‌ಪೈರಿಫಾಸ್ ಈಗ ಈ ಮಿತಿಗೇ ಇಳಿದಿದೆ. ಹಿಟ್ಟು ತಿಗಣೆಗೆ ಅದನ್ನೇ ನೆಚ್ಚಿಕೊಂಡಿದ್ದವರು ಕಂಪನಿ ಡಬ್ಬಿ ಬದಲಿಸಿದರೆ ಸಾಲದು, ಹೆಸರು ಬೇರೆ ಇದ್ದು ಒಳಗೆ ಅದೇ ಇರುವ ಮಿಶ್ರಣಗಳಿವೆ. ಡಬ್ಬಿಯ ತಾಂತ್ರಿಕ ಹೆಸರು ಓದಿ.

ರಿಪೋರ್ಟಿನಲ್ಲಿ "ಪತ್ತೆಯಾಗಿಲ್ಲ" ಎಂದರೆ ಹುಡುಕಿದ್ದು ಪತ್ತೆಯಾಗಿಲ್ಲ ಎಂದಷ್ಟೇ. 2010ರಲ್ಲಿ ಇದೇ ಪಾಠ ಬಹಳ ದುಬಾರಿಯಾಯಿತು. ಚಾಟನಿಯ (ಬಳ್ಳಿ ಸವರುವುದರ) ನಂತರ ಬಳ್ಳಿಯ ಬೆಳವಣಿಗೆ ಹಿಡಿಯಲು ಹೊಡೆಯುತ್ತಿದ್ದ ಕ್ಲೋರ್‌ಮೆಕ್ವಾಟ್ ಕ್ಲೋರೈಡ್, ನಮ್ಮ ರೈತರ ಬಾಯಲ್ಲಿ ಲಿಹೋಸಿನ್, ನಮ್ಮ ಪರೀಕ್ಷೆಯ ಪಟ್ಟಿಯಲ್ಲಿರಲಿಲ್ಲ. ಯುರೋಪಿನಲ್ಲಿ ಅದನ್ನು ಹುಡುಕಿದರು, ಸಿಕ್ಕಿತು. ಹಾಗಾಗಿ ರಿಪೋರ್ಟ್ ಬಂದಾಗ ಫಲಿತಾಂಶದ ಪುಟಕ್ಕಿಂತ ಮೊದಲು ಪರೀಕ್ಷಿಸಿದ ಔಷಧಿಗಳ ಪಟ್ಟಿ ತೆಗೆಯಿರಿ, ತೋಟದ ಸ್ಪ್ರೇ ಡೈರಿ ಪಕ್ಕದಲ್ಲಿಟ್ಟು ಹೊಂದಿಸಿ. ಡೈರಿಯಲ್ಲಿದ್ದು ಪಟ್ಟಿಯಲ್ಲಿ ಇಲ್ಲದ್ದು ಒಂದಿದ್ದರೂ ಲ್ಯಾಬ್‌ಗೆ ಹೇಳಿ ಮಾಡಿಸಿ. ವಿವಾದವಾದರೆ ಪುಣೆಯ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವೇ ಉಲ್ಲೇಖ ಪ್ರಯೋಗಾಲಯ. ರಫ್ತು ದ್ರಾಕ್ಷಿಯ ಜಾಡು ಹಿಡಿಯುವ ಗ್ರೇಪ್‌ನೆಟ್‌ನಲ್ಲಿ ತೋಟದ ನೋಂದಣಿ, ಮಾದರಿ ತೆಗೆದ ತೋಟ, ಪ್ಯಾಕ್ ಆದ ಮಾಲು ಮೂರೂ ಒಂದೇ ಇರಬೇಕು. ಒಂದು ಲಾರಿ ಕಡಿಮೆ ಬಿತ್ತೆಂದು ಸೋದರಮಾವನ ತೋಟದ ಹಣ್ಣು ಸೇರಿಸಿದಲ್ಲಿ ಸರಪಳಿ ಕಡಿಯುತ್ತದೆ.

ಶೇಂಗಾಕ್ಕೆ ಇದೇ ತರ್ಕ, ವಿಷ ಬೇರೆ, ಬೂಷ್ಟಿನದ್ದು. ನೇರ ತಿನ್ನುವ ಶೇಂಗಾದಲ್ಲಿ ಯುರೋಪಿನ ಮಿತಿ ಅಫ್ಲಾಟಾಕ್ಸಿನ್ ಬಿ1 ಕಿಲೋಗೆ 2 ಮೈಕ್ರೋಗ್ರಾಂ, ಒಟ್ಟು 4. ಮುಂದೆ ಆರಿಸಿ ಸಂಸ್ಕರಿಸುವುದಕ್ಕಾದರೆ 8 ಮತ್ತು 15. ಬೂಷ್ಟು ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ, ಕೆಲವೇ ಕಾಳಿನಲ್ಲಿ ತುಂಬಿಕೊಂಡಿರುತ್ತದೆ. ಒಂದೇ ಚೀಲದ ಮುಷ್ಟಿ ಮಾದರಿ ಪಾಸಾದರೆ ಅದು ಅದೃಷ್ಟ, ಪರೀಕ್ಷೆಯಲ್ಲ.

ಆಮದು ನಿಂತಾಗ

ಇಲ್ಲಿನ ಕಾನೂನು 2003ರ ಪ್ಲಾಂಟ್ ಕ್ವಾರಂಟೈನ್ ಆದೇಶ. ಮಾಲು, ದೇಶ, ಉದ್ದೇಶ ಮೂರನ್ನೂ ಒಟ್ಟಿಗೆ ಅದರ ಅನುಸೂಚಿಯಲ್ಲಿ ಹುಡುಕಿ. 4ನೆಯದರಲ್ಲಿದ್ದರೆ ನಿಷೇಧ, 5ನೆಯದು ನಿರ್ಬಂಧಿತ, 6ನೆಯದರಲ್ಲಿ ಹೆಚ್ಚುವರಿ ಘೋಷಣೆ ಮತ್ತು ವಿಶೇಷ ಷರತ್ತು, 7ನೆಯದಕ್ಕೆ ಆಮದು ಪರವಾನಗಿ ಬೇಡ ಆದರೆ ಫೈಟೊ ಬೇಕೇ ಬೇಕು. ಎಲ್ಲೂ ಇಲ್ಲದಿದ್ದರೆ "ನಿಷೇಧ ಇಲ್ಲವಲ್ಲ" ಎಂದು ಖುಷಿಪಡಬೇಡಿ. ಕೀಟ ಅಪಾಯದ ವಿಶ್ಲೇಷಣೆ ಆಗುವವರೆಗೆ ಅದು ಬರುವಂತೆಯೇ ಇಲ್ಲ. ದೇಶ ಬದಲಾದರೆ ಸಾಲು ಬದಲಾಗುತ್ತದೆ. ಮ್ಯಾನ್ಮಾರಿನ ತೊಗರಿಗೆ ಓದಿದ ಷರತ್ತು ತಾಂಜಾನಿಯದಕ್ಕೆ ಹೊಂದಬೇಕೆಂದಿಲ್ಲ.

ಉದ್ದೇಶ ತಪ್ಪುವುದು ಸರಕಿನ ವರ್ಗ ಹೇಳುವ ಎಚ್‌ಎಸ್ ಕೋಡಿನಲ್ಲಿ. 0713 ಅಂದರೆ ಒಣ ಕಾಳು, 1209 ಅಂದರೆ ಬಿತ್ತನೆ ಬೀಜ. ಅಡುಗೆಗೆ ತಂದ ಬೀಜಕ್ಕೆ ಹಳೆಯ ಫೈಲಿನಿಂದ 1209 ಬಂದು ಕೂತರೆ, ಕ್ವಾರಂಟೈನಿನವರ ಕಣ್ಣಿಗೆ ಅದು ಹೊಲಕ್ಕೆ ಇಳಿಯುವ ಮಾಲು, ನಿಯಮಗಳೇ ಬೇರೆ. ಪರವಾನಗಿ ಇನ್ನೊಬ್ಬರ ಹೆಸರಿಗೆ ವರ್ಗವಾಗದು. ಹಡಗಿನ ಮೇಲಿರುವಾಗಲೇ ಮಾಲು ಮಾರಿದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಕಾಳಿನಲ್ಲಿ ಸಾಮಾನ್ಯ ಬೇಡಿಕೆ ಮೂಲ ದೇಶದಲ್ಲೇ ಮೀಥೈಲ್ ಬ್ರೋಮೈಡ್, ಘನ ಮೀಟರಿಗೆ 32 ಗ್ರಾಂ, 24 ಗಂಟೆ, 21 ಡಿಗ್ರಿ ಮತ್ತು ಮೇಲೆ. ತೊಗರಿಯ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ ಅಂಟಿದ್ದರೆ ಅದು ಮೊಟ್ಟೆಯ ಚಿಪ್ಪು, ದುಂಡು ತೂತು ಇದ್ದರೆ ದುಂಬಿ ಹೊರಬಿದ್ದ ದಾರಿ. ಇವೆರಡೂ ಹಳೆಯದಿರಬಹುದು. ಒಂದು ಕಿಲೋ ಜರಡಿ ಹಿಡಿದು ಬಿಳಿ ತಟ್ಟೆಯಲ್ಲಿ ಹತ್ತು ನಿಮಿಷ ಬಿಸಿಲಿಗಿಟ್ಟರೆ ಜೀವಂತ ಇದ್ದದ್ದು ಓಡುತ್ತದೆ. ಹುಳುವಾದರೆ ಇಲ್ಲೇ ಫ್ಯೂಮಿಗೇಶನ್ ಆದೇಶ ಬರಬಹುದು. ಕಳೆಬೀಜ, ಮಣ್ಣಿನ ಹೆಂಟೆಗೆ ಅನಿಲ ಉತ್ತರವಲ್ಲ. 8ನೇ ಅನುಸೂಚಿಯ ಕಳೆ ಸಿಕ್ಕರೆ ಅಧಿಕಾರಿ ಕೊಡುವ ಶುದ್ಧೀಕರಣದ ಷರತ್ತನ್ನು ಕಾಯಬೇಕು. ನಿಯಮ ಸಡಿಲಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ, ಶಿವಡಿಯ ಅಧಿಕಾರಿಗಿಲ್ಲ. ಅವರ ಮೇಲೆ ಸಿಟ್ಟಾಗಿ ಫಲವಿಲ್ಲ.

ಸೇಬು ತರಿಸುವವರು ಫೈಟೊ ಸರಿ ಇದ್ದೂ ಎಫ್‌ಎಸ್‌ಎಸ್‌ಎಐ ಮೇಜಿನಲ್ಲಿ ನಿಲ್ಲುತ್ತಾರೆ. 2021ರ ಮಾರ್ಚ್ 1ರಿಂದ ಸೇಬೂ ಸೇರಿ 24 ಬೆಳೆಗಳಿಗೆ ಕುಲಾಂತರಿ ಅಲ್ಲವೆಂಬ ಪ್ರಮಾಣಪತ್ರ ಬೇಕು. ಅದನ್ನು ಆ ದೇಶದ ಅಧಿಕೃತ ಪ್ರಾಧಿಕಾರ ಕೊಡಬೇಕು, ಮಾರಾಟಗಾರನ ಲೆಟರ್‌ಹೆಡ್ ನಡೆಯದು.

ಬಾಡಿಗೆ ಮತ್ತು ವಾಪಸಾದ ಮಾಲು

ತಡೆ ಬಿದ್ದ ದಿನವೇ ಎರಡು ತಾರೀಕು ಬರೆಸಿಕೊಳ್ಳಿ: ಹಡಗು ಕಂಪನಿಯ ಉಚಿತ ದಿನ ಮುಗಿಯುವುದು ಯಾವಾಗ, ಬಂದರಿನ ಹೊರಗಿನ ಕಂಟೇನರ್ ಗೋದಾಮಾದ ಸಿಎಫ್‌ಎಸ್‌ನ ಉಚಿತ ದಿನ ಮುಗಿಯುವುದು ಯಾವಾಗ. ಮೊದಲನೆಯದು ಕಂಟೇನರಿನ ಡಿಟೆನ್ಶನ್, ಎರಡನೆಯದು ಜಾಗದ ಡೆಮರೇಜ್. ಒಂದನ್ನು ಮನ್ನಾ ಮಾಡಿಸಿಕೊಂಡವರಿಗೆ ಇನ್ನೊಂದು ಏರುತ್ತಿರುವುದು ಕೊನೆಗೆ ಗೊತ್ತಾಗುತ್ತದೆ. ರೀಫರ್ (ಶೀತಲ ಕಂಟೇನರ್) ಆದರೆ ವಿದ್ಯುತ್ ಪ್ಲಗ್ಗಿನ ಬಿಲ್ ಮೂರನೆಯದು.

ಹೊರದೇಶ ತಿರಸ್ಕರಿಸಿದ ನಮ್ಮದೇ ಮಾಲು ವಾಪಸ್ ಬಂದರೂ ಅದು ಆಮದು. ಕಸ್ಟಮ್ಸ್‌ನ ಮರುಆಮದು ಕಾಗದದ ಜೊತೆ ಕ್ವಾರಂಟೈನ್, ಎಫ್‌ಎಸ್‌ಎಸ್‌ಎಐ ಮೇಜುಗಳನ್ನೂ ದಾಟಬೇಕು. ಆ ಕಡೆಯ ತಿರಸ್ಕಾರದ ಆದೇಶ, ಹೋಗುವಾಗಿನ ಶಿಪ್ಪಿಂಗ್ ಬಿಲ್, ಮೂಲ ಫೈಟೊದ ಪ್ರತಿ ಮೂರೂ ಹಡಗು ಅಲ್ಲಿಂದ ಹೊರಡುವ ಮೊದಲೇ ಕೈಯಲ್ಲಿರಲಿ. ಸೀಲ್ ಕಡಿಯುವ ಹೊತ್ತಿಗೆ ಹಳೆಯ ಸೀಲ್ ಸಂಖ್ಯೆ ಕಾಣುವಂತೆ ಫೋಟೊ, ಬಾಗಿಲು ತೆರೆದ ಕ್ಷಣದ ಫೋಟೊ, ಡೇಟಾ ಲಾಗರಿನ ಓದು, ಇವನ್ನು ಅಧಿಕಾರಿಯ ಎದುರಿಗೇ ತೆಗೆದಿಡಿ. ವಿಮೆಯವರು ಮೊದಲು ಕೇಳುವುದು ಅವನ್ನೇ.